ಮೂರರಿಂದ ಆರು: ಶಾಲೆ ಬಿಟ್ಟ ಮೇಲಿನ ಹೊತ್ತು

ಅಮೆರಿಕದ ಶಾಲೆಗಳು ಮಧ್ಯಾಹ್ನ ಸುಮಾರು ಮೂರು ಗಂಟೆಗೆ ಬಿಡುತ್ತವೆ. ಕಚೇರಿಗಳು ಮುಚ್ಚುವುದು ಐದಕ್ಕೆ. ಹೆದ್ದಾರಿಯ ವಾಹನಸಂದಣಿಯನ್ನು ದಾಟಿ ತಂದೆತಾಯಿಯರು ಮನೆ ಸೇರುವ ವೇಳೆಗೆ ಗಂಟೆ ಆರಾಗಿರುತ್ತದೆ. ನಡುವಣ ಈ ಮೂರು ಗಂಟೆಗಳು ಯಾರ ಪಾಲಿನವು? ಶಾಲೆ ತನ್ನದೆನ್ನುವುದಿಲ್ಲ, ಮನೆಯಲ್ಲಿ ಆಗ ಯಾರೂ ಇರುವುದಿಲ್ಲ. ಈ ದೇಶಕ್ಕೆ ಬಂದು ನೆಲೆಸಿದ ನಾವು ಮನೆ ಕೊಳ್ಳುವಾಗ ಆ ಊರಿನ ಶಾಲೆಗಳು ಹೇಗಿವೆಯೆಂದು ಹತ್ತು ಜನರನ್ನು ವಿಚಾರಿಸುತ್ತೇವೆ. ಶನಿವಾರದ ಸಂಗೀತ ಪಾಠಕ್ಕೆ, ಭಾನುವಾರದ ಕನ್ನಡ ತರಗತಿಗೆ ಮೂವತ್ತು ಮೈಲಿ ಕಾರು ಓಡಿಸುತ್ತೇವೆ. ಆದರೆ ವಾರದ ಐದು ದಿನವೂ ತಪ್ಪದೆ ಬರುವ ಈ ಮೂರು ಗಂಟೆಗಳ ಬಗೆಗೆ ನಮ್ಮ ಕೂಟಗಳಲ್ಲಿ ಮಾತು ನಡೆದುದನ್ನು ನಾನು ಕೇಳಿದ್ದು ಅಪರೂಪ. ಸಮ್ಮೇಳನದ ಈ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಿರೆಂದು ಸಂಪಾದಕ ಮಿತ್ರರು ಕೇಳಿದಾಗ, ಈ ವಿಷಯವನ್ನೇ ಆರಿಸಿಕೊಂಡೆನು. ನಾನು ಶಿಕ್ಷಣತಜ್ಞನಲ್ಲ. ವಿಮಾ ಕಂಪನಿಯೊಂದರ ಗಣಕ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಇಲ್ಲಿ ಹೇಳುವುದನ್ನು ಬಹುಮಟ್ಟಿಗೆ ನನ್ನ ಮಗನಿಂದ ಕಲಿತೆ. ಅದೂ ತಡವಾಗಿ, ಒಂದಿಷ್ಟು ಅವಮಾನದೊಡನೆ.

ಕೊರಳಲ್ಲಿ ಬೀಗದ ಕೈ

ನಾವು ಆಗ ಕನೆಕ್ಟಿಕಟ್ ರಾಜ್ಯದ ರಾಜಧಾನಿಯಾದ ಹಾರ್ಟ್‌ಫರ್ಡ್ ನಗರದ ಅಂಚಿನಲ್ಲಿ ವಾಸವಾಗಿದ್ದೆವು. 1991ರ ಶರತ್ಕಾಲ. ಮಗನಿಗೆ ಹನ್ನೆರಡು ವರ್ಷ, ಮಗಳಿಗೆ ಏಳು. ನನ್ನ ಪತ್ನಿಯೂ ಕೆಲಸಕ್ಕೆ ಹೋಗುತ್ತಿದ್ದಳು. ಮಗಳನ್ನು ಬೀದಿಯ ಕೊನೆಯಲ್ಲಿದ್ದ ಗುಜರಾತಿ ಮಹಿಳೆಯೊಬ್ಬರು ಸಂಜೆಯವರೆಗೆ ನೋಡಿಕೊಳ್ಳುತ್ತಿದ್ದರು. ಚಿಕ್ಕ ಮಕ್ಕಳ ಜೊತೆ ತಾನು ಕೂರುವುದಿಲ್ಲವೆಂದು ಮಗ ಹಟ ಹಿಡಿದ ಕಾರಣ ಅವನ ಕೊರಳಿಗೆ ಮನೆಯ ಬೀಗದ ಕೈಯನ್ನು ದಾರದಲ್ಲಿ ಪೋಣಿಸಿ ಹಾಕಿದೆವು. ಅಂಥ ಮಕ್ಕಳಿಗೆ ಈ ದೇಶದಲ್ಲಿ ಎರಡನೆಯ ಮಹಾಯುದ್ಧದ ಕಾಲದಿಂದಲೂ 'ಲ್ಯಾಚ್‌ಕೀ' ಮಕ್ಕಳೆಂಬ ಹೆಸರು ಬಳಕೆಯಲ್ಲಿದೆ ಎಂಬುದು ನನಗಾಗ ತಿಳಿದಿರಲಿಲ್ಲ. ನಿಯಮ ಸರಳವಾಗಿತ್ತು: ಶಾಲೆಯ ಬಸ್ಸಿನಿಂದ ಇಳಿದು ನೇರ ಮನೆಗೆ ಬರುವುದು, ಒಳಗಿನಿಂದ ಬಾಗಿಲು ಹಾಕಿಕೊಳ್ಳುವುದು, ಮೂರೂ ಕಾಲಿಗೆ ನನ್ನ ಕಚೇರಿಗೆ ಫೋನು ಮಾಡಿ "ಬಂದೆ ಅಪ್ಪಾ" ಎನ್ನುವುದು.

ನಮ್ಮ ಬಸ್ ನಿಲ್ದಾಣದಿಂದ ಮೂರು ಬೀದಿಗಳಾಚೆ ಹುಡುಗ ಹುಡುಗಿಯರ ಒಂದು ಕ್ಲಬ್ಬಿತ್ತು. ಹಳೆಯ ಇಟ್ಟಿಗೆಯ ಕಟ್ಟಡ. ನವೆಂಬರಿನಲ್ಲಿ ಒಂದು ದಿನ ಮಗ ಅಲ್ಲಿಗೆ ಸೇರಲೇ ಎಂದು ಕೇಳಿದನು. ವರ್ಷದ ಶುಲ್ಕ ಕೆಲವೇ ಡಾಲರುಗಳು. ನಾನು ಪತ್ರಿಕೆಯಿಂದ ತಲೆಯೆತ್ತದೆ, "ಅಂಥ ಮಕ್ಕಳ ಜೊತೆ ಬೇಡ" ಎಂದೆನು. 'ಅಂಥ' ಎಂದರೆ ಎಂಥ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ! ಇಂದು ಮುಚ್ಚುಮರೆಯಿಲ್ಲದೆ ಹೇಳಬೇಕಾದರೆ, ಆ ಕಟ್ಟಡದ ಮುಂದೆ ನಾನು ಕಂಡಿದ್ದ ಮಕ್ಕಳಲ್ಲಿ ಹೆಚ್ಚಿನವರು ಕಪ್ಪು ವರ್ಣದವರು ಮತ್ತು ಪೋರ್ಟೊರಿಕೊ ಮೂಲದವರು; ಅವರ ತಂದೆತಾಯಿಯರು ನನ್ನಂತೆ ಕೊರಳಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಹೋಗುವವರಾಗಿರಲಿಲ್ಲ. ನನ್ನ ಬೇಡವೆಂಬ ಮಾತಿಗೆ ಬೇರೆ ಕಾರಣವಿರಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ಹಿಮ ಬೀಳಲು ತೊಡಗಿತು. ನಮ್ಮನ್ನು ಎರಡೂವರೆಗೇ ಮನೆಗೆ ಕಳುಹಿಸಿದರು. ನಾನು ಮನೆ ತಲುಪಿದಾಗ ಮೂರೂ ಇಪ್ಪತ್ತು. ಬಾಗಿಲಿಗೆ ಬೀಗ. ಬಸ್ಸು ತಡವಾಗಿರಬೇಕೆಂದುಕೊಂಡು ಕಾದೆನು. ಮುಕ್ಕಾಲಾದರೂ ಮಗನ ಸುಳಿವಿಲ್ಲ. ನನಗೆ ಫೋನು ಮಾಡಿದ್ದನೋ ಏನೋ ಎಂದು ಕಚೇರಿಗೆ ಕರೆ ಮಾಡಿದೆ. ಇನ್ನೂ ಹೊರಡದಿದ್ದ ಸಹೋದ್ಯೋಗಿಯೊಬ್ಬರು, "ಹೌದು, ಮೂರೂ ಕಾಲಿಗೆ ಮಾಡಿದ್ದ. ಮನೆ ಸೇರಿದೆ, ಹಾಲು ಕುಡಿಯುತ್ತಿದ್ದೇನೆ ಎಂದು ಹೇಳಲು ತಿಳಿಸಿದ" ಎಂದರು. ನಾನು ನಿಂತಿದ್ದುದು ಅದೇ ಅಡುಗೆಮನೆಯಲ್ಲಿ! ಹಾಲಿನ ಡಬ್ಬ ಒಡೆಯದೆ ಹಾಗೆಯೇ ಇತ್ತು.

ಆ ಕ್ಷಣದಲ್ಲಿ ತಂದೆಯೊಬ್ಬನ ಮನಸ್ಸಿನಲ್ಲಿ ಏನೇನು ಹಾದುಹೋಗುತ್ತದೆಂಬುದನ್ನು ಮಕ್ಕಳೊಂದಿಗರಿಗೆ ವಿವರಿಸಬೇಕಾಗಿಲ್ಲ. ಬೀದಿಯಲ್ಲಿ ಹಿಮ ಗುಡಿಸುತ್ತಿದ್ದ ನೆರೆಮನೆಯ ಹುಡುಗ ನನ್ನ ಗಾಬರಿಯನ್ನು ನೋಡಿ, "ಅವನು ಕ್ಲಬ್ಬಿನಲ್ಲಿರುತ್ತಾನೆ, ದಿನಾ ಹೋಗುತ್ತಾನಲ್ಲ" ಎಂದನು. ದಿನಾ! ಎರಡು ತಿಂಗಳ ಕಾಲ ನನ್ನ ಮಗ ಕ್ಲಬ್ಬಿನ ಫೋನಿನಿಂದಲೇ "ಬಂದೆ ಅಪ್ಪಾ" ಎನ್ನುತ್ತಿದ್ದ.

ಬಾಗಿಲಲ್ಲಿ ಕುಳಿತಿದ್ದ ಮಹಿಳೆ ನನ್ನನ್ನು ಒಳಗೆ ಬಿಡಲಿಲ್ಲ. ಯಾರು, ಯಾವ ಮಗುವಿಗಾಗಿ ಬಂದಿರಿ ಎಂದು ಕೇಳಿ, ಪುಸ್ತಕದಲ್ಲಿ ಹೆಸರು ನೋಡಿ, ಒಳಗಿನವರನ್ನು ಕರೆದ ನಂತರವೇ ಬಿಟ್ಟಳು. ಕೋಪದಲ್ಲಿದ್ದ ನನಗೆ ಆಗ ಅದು ಉದ್ಧಟತನವಾಗಿ ಕಂಡಿತು. ಒಳಗೆ ಒದ್ದೆ ಕೋಟುಗಳ ಮತ್ತು ಕಿತ್ತಳೆ ಸಿಪ್ಪೆಯ ವಾಸನೆ, ಬ್ಯಾಸ್ಕೆಟ್‌ಬಾಲಿನ ಧಡಧಡ. ಒಂದು ಮೂಲೆಯ ಮೇಜಿನ ಮೇಲೆ, ನಾಲ್ಕು ಮೂಲೆಗೂ ಬಲೆಯ ಚೀಲ ಕಟ್ಟಿದ್ದ ಒಂದು ಕೇರಂ ಹಲಗೆ. ನನ್ನ ಮಗ ಮೊಣಕಾಲೂರಿ ಕುಳಿತು, ತನಗಿಂತ ಚಿಕ್ಕವರಾದ ಮೂವರಿಗೆ ಬೆರಳಿನಿಂದ ಸ್ಟ್ರೈಕರನ್ನು ಹೊಡೆಯುವುದು ಹೇಗೆಂದು ಹೇಳಿಕೊಡುತ್ತಿದ್ದನು. ಅವನ ಕಂಠದಲ್ಲಿ ಮನೆಯಲ್ಲಿ ನಾನೆಂದೂ ಕೇಳದ ಒಂದು ಧೈರ್ಯವಿತ್ತು. ನನ್ನನ್ನು ಕಂಡೊಡನೆ ಅವನ ಮುಖ ಬಿಳಿಚಿಕೊಂಡಿತು.

ಕ್ಲಬ್ಬಿನ ಮುಖ್ಯಸ್ಥರು ಐವತ್ತು ದಾಟಿದ ಆಫ್ರಿಕನ್ ಅಮೆರಿಕನ್ ಗೃಹಸ್ಥರು. ಮಕ್ಕಳೆಲ್ಲ ಅವರನ್ನು 'ಕೋಚ್' ಎನ್ನುತ್ತಿದ್ದರು. ನಾನು ಅನುಮತಿಯ ಮಾತೆತ್ತಿದೊಡನೆ ಅವರು ಕಡತದಿಂದ ಒಂದು ಅರ್ಜಿಯನ್ನು ತೆಗೆದು ಮುಂದಿಟ್ಟರು. ತಂದೆಯ ರುಜುವೆಂಬ ಗೆರೆಯ ಮೇಲೆ ಕನ್ನಡ ಅಕ್ಷರಗಳು! ನಾನು ಅಂದಿಗೂ ಇಂದಿಗೂ ಕನ್ನಡದಲ್ಲಿಯೇ ರುಜು ಹಾಕುವವನು. ಮಗ ಅದನ್ನು ನೋಡಿ ನೋಡಿ ಬರೆದಿದ್ದ. ನನ್ನ ಹೆಸರಿನ ಒತ್ತಕ್ಷರವೊಂದನ್ನು ಮಾತ್ರ ಬಿಟ್ಟಿದ್ದ. ಮೂರು ವರ್ಷ ಭಾನುವಾರದ ತರಗತಿಗೆ ಅವನನ್ನು ಎಳೆದುಕೊಂಡು ಹೋಗಿದ್ದೆ. ಯಾರ ಬಲವಂತವೂ ಇಲ್ಲದೆ ಅವನು ಕನ್ನಡದಲ್ಲಿ ಬರೆದ ಮೊದಲ ಪದ, ನನ್ನನ್ನು ವಂಚಿಸಲು ಬರೆದ ನನ್ನ ಹೆಸರಾಗಿತ್ತು.

ಕೋಚ್ ಹುಡುಗನ ಪರ ವಹಿಸಲಿಲ್ಲ. ತಮ್ಮ ಕಡೆಯಿಂದಲೂ ವಿಚಾರಿಸದೆ ತಪ್ಪಾಯಿತೆಂದು ಒಪ್ಪಿಕೊಂಡರು. "ಈ ಅರ್ಜಿ ನಡೆಯದು, ನಿಜವಾದ ರುಜು ಬೇಕು. ಅವನು ಸುಳ್ಳು ಹೇಳಿದ್ದಕ್ಕೆ ಏನು ಮಾಡಬೇಕೆಂಬುದು ನಿಮ್ಮ ಮನೆಯ ವಿಚಾರ. ಮನಸ್ಸಾದರೆ ಗುರುವಾರ ಬಂದು ರುಜು ಹಾಕಿ. ಭಿನ್ನರಾಶಿಯ ಲೆಕ್ಕ ಬರುತ್ತದೆಯೆಂದರೆ ಒಂದು ಗಂಟೆ ಕುಳಿತು ಹೋಗಿ" ಎಂದರು.

ಆ ರಾತ್ರಿ ಮನೆಯಲ್ಲಿ ಮಾತು ಬಹಳ ಹೊತ್ತು ನಡೆಯಿತು. ಯಾಕೆ ಹೀಗೆ ಮಾಡಿದೆಯೋ ಎಂದು ಕೇಳಿದ್ದಕ್ಕೆ ಮಗ, "ಯಾರೂ ಇಲ್ಲದಾಗ ಮನೆ ಸದ್ದು ಮಾಡುತ್ತೆ ಅಪ್ಪಾ" ಎಂದನು. ರೆಫ್ರಿಜರೇಟರ್, ನೆಲಮಾಳಿಗೆಯ ಕುಲುಮೆ, ಗಾಳಿಗೆ ಅಲುಗುವ ಕಿಟಕಿ. ಅವನಿಗೆ ಭಯವಾಗುತ್ತಿತ್ತು, ಹೇಳಲು ನಾಚಿಕೆಯೂ ಆಗುತ್ತಿತ್ತು. ನನ್ನ ಪತ್ನಿ ಅಷ್ಟು ಹೊತ್ತು ಸುಮ್ಮನಿದ್ದವಳು, "ನೀವೂ ಮಕ್ಕಳ ಕೂಟಕ್ಕೆ ಹೋಗಿ ಬೆಳೆದವರೇ ಅಲ್ಲವೇನ್ರೀ?" ಎಂದಳು. ನನಗೆ ಉತ್ತರವಿರಲಿಲ್ಲ. ಸುಳ್ಳಿಗೆ ಒಂದು ವಾರ ಕ್ಲಬ್ಬು ಇಲ್ಲವೆಂದು ತೀರ್ಮಾನವಾಯಿತು. ಮರುವಾರದ ಗುರುವಾರ ನಾನು ಹೋಗಿ ರುಜು ಹಾಕಿದೆ. ಒಂದು ಗಂಟೆ ಎಂದು ಕುಳಿತವನು ಅಲ್ಲಿಗೆ ಒಂಬತ್ತು ವರ್ಷ ಹೋದೆ.

ಒಳಗಿನಿಂದ ಕಂಡದ್ದು

ಹೊರಗಿನಿಂದ ನೋಡುವವರಿಗೆ ಕ್ಲಬ್ಬೆಂದರೆ ಆಟದ ಗದ್ದಲ. ಒಳಗೆ ಕುಳಿತವನಿಗೆ ಅದರ ಹಿಂದಿನ ಕ್ರಮ ಮೆಲ್ಲಮೆಲ್ಲನೆ ಕಾಣತೊಡಗಿತು. ಮಗು ಬಾಗಿಲು ದಾಟುವಾಗ ಅದರ ಹೆಸರು ಹಿಡಿದು ಯಾರಾದರೂ ಕರೆಯುತ್ತಿದ್ದರು. ಮೊದಲು ತಿಂಡಿ, ಹಸಿದ ಮಕ್ಕಳಿಗೆ ಯಾವ ಪಾಠವೂ ಹತ್ತುವುದಿಲ್ಲ. ಆಮೇಲೆ ಒಂದು ಗಂಟೆ ಶಾಲೆಯ ಮನೆಗೆಲಸ. ಅದು ಮುಗಿದ ಬಳಿಕ ಆಟದ ಅಂಗಳ, ಮರಗೆಲಸದ ಕೋಣೆ, ಚಿತ್ರಕಲೆ, ಇವುಗಳಲ್ಲಿ ತನಗೆ ಬೇಕಾದದ್ದು. ಹದಿನಾಲ್ಕು ತುಂಬಿದವರಿಗೆ 'ಕೀಸ್ಟೋನ್' ಎಂಬ ಬೇರೆ ತಂಡ. ತಮ್ಮ ಪದಾಧಿಕಾರಿಗಳನ್ನು ತಾವೇ ಆರಿಸಿ, ಊರಿಗಾಗಿ ಒಂದು ಕೆಲಸವನ್ನು ತಾವೇ ಯೋಚಿಸಿ ನಡೆಸಬೇಕು. ತಪ್ಪಿದರೆ ಮಾತ್ರ ಹಿರಿಯರು ಕೈ ಹಾಕುವರು.

ನನ್ನನ್ನು ಹೆಚ್ಚಾಗಿ ಹಿಡಿದದ್ದು ಬೇರೊಂದು ಸಂಗತಿ. ಕೋಚ್ ಯಾವ ಮಗುವಿಗೂ ಬರಿಯ ಆಟಗಾರನ ಸ್ಥಾನ ಕೊಡುತ್ತಿರಲಿಲ್ಲ. ಒಬ್ಬಳಿಗೆ ಪುಸ್ತಕದ ಕಪಾಟಿನ ಬೀಗದ ಕೈ, ಒಬ್ಬನಿಗೆ ಚೆಂಡುಗಳ ಲೆಕ್ಕ, ಇನ್ನೊಬ್ಬನಿಗೆ ಹೊಸದಾಗಿ ಬಂದ ಮಗುವಿಗೆ ಕಟ್ಟಡ ತೋರಿಸುವ ಕೆಲಸ. ನನ್ನ ಮಗ ಅಲ್ಲಿಗೆ ಬಂದ ಮೊದಲ ವಾರ ಗೋಡೆಗೆ ಒರಗಿ ನಿಂತಿರುತ್ತಿದ್ದನಂತೆ. ಬ್ಯಾಸ್ಕೆಟ್‌ಬಾಲು ಅವನಿಗೆ ಬಾರದು. ಒಂದು ದಿನ ಯಾರೋ ಉದ್ದನೆಯ ಕೋಲಿನಿಂದ ಕೇರಂ ಆಡುತ್ತಿದ್ದುದನ್ನು ಕಂಡು ನಕ್ಕುಬಿಟ್ಟನಂತೆ. "ನಕ್ಕೆಯಲ್ಲ, ಹೇಗೆ ಆಡಬೇಕೆಂದು ತೋರಿಸು" ಎಂದರು ಕೋಚ್. ಅಂದಿನಿಂದ ಅವನು ಕೇರಂ ಮೇಷ್ಟ್ರು! ಆ ವರ್ಷ ಬೆಂಗಳೂರಿಗೆ ಹೋದ ನಾನು ಬೋರಿಕ್ ಪುಡಿಯ ಸಮೇತ ನಮ್ಮ ದೊಡ್ಡ ಹಲಗೆಯೊಂದನ್ನು ವಿಮಾನದಲ್ಲಿ ಹೊತ್ತು ತಂದೆ.

ಆ ಬಲೆಚೀಲದ ಹಲಗೆಯ ಕಥೆಯೂ ಇಲ್ಲಿಗೆ ಹೊಂದುವಂಥದೇ. 19ನೆಯ ಶತಮಾನದ ಕೊನೆಯ ದಶಕದಲ್ಲಿ ಮಿಷಿಗನ್ ರಾಜ್ಯದ ಲಡಿಂಗ್ಟನ್ ಎಂಬ ಊರಿನ ಹೆನ್ರಿ ಹ್ಯಾಸ್ಕೆಲ್ ಎಂಬುವರು ಅದನ್ನು ರೂಪಿಸಿದರು. ಅವರು ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಹುಡುಗರು ಜೂಜುಕಟ್ಟೆಗಳ ಕಡೆ ಹೋಗದಂತೆ ಅವರ ಕೈಗೊಂದು ಆಟ ಕೊಡಬೇಕೆಂಬುದು ಅವರ ಆಶಯವಾಗಿತ್ತು. ನಮ್ಮ ಜಗಲಿಯ ಆಟಕ್ಕೂ ಅವರ ಹಲಗೆಗೂ ಇರುವ ನಂಟು ನನ್ನ ಮಗನಿಗೆ ಆ ಕ್ಲಬ್ಬಿನಲ್ಲೊಂದು ಸ್ಥಾನ ಗಳಿಸಿಕೊಟ್ಟಿತು.

ಮಗಳನ್ನು ಅಲ್ಲಿಗೆ ಕಳುಹಿಸಲು ನಾನು ಇನ್ನೂ ಮೂರು ವರ್ಷ ಹಿಂದೆಮುಂದೆ ನೋಡಿದೆನೆಂಬುದನ್ನೂ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಬೇಲಿ ಇನ್ನಷ್ಟು ಎತ್ತರ. ಅವಳು ಸೇರಿದ ಮೇಲೆ ಅಣ್ಣನಿಗಿಂತ ಹೆಚ್ಚು ವರ್ಷ ಅಲ್ಲಿದ್ದಳು.

ಹಾರ್ಟ್‌ಫರ್ಡಿನ ಮೂವರು ಮಹಿಳೆಯರು

ನಾನು ಕೆಲಸ ಮಾಡುತ್ತಿದ್ದ ಊರೇ ಈ ಕ್ಲಬ್ಬುಗಳ ತವರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. 1860ರಲ್ಲಿ ಹಾರ್ಟ್‌ಫರ್ಡಿನ ಮೇರಿ ಗುಡ್ವಿನ್, ಆಲಿಸ್ ಗುಡ್ವಿನ್ ಮತ್ತು ಎಲಿಜಬೆತ್ ಹ್ಯಾಮರ್ಸ್ಲಿ ಎಂಬ ಮೂವರು ಮಹಿಳೆಯರು ಬೀದಿ ಅಲೆಯುವ ಹುಡುಗರಿಗಾಗಿ 'ಡ್ಯಾಷ್‌ಅವೇ' ಎಂಬ ಹೆಸರಿನ ಕ್ಲಬ್ಬನ್ನು ತೆರೆದರು. ಈ ದೇಶದ ಬಾಲಕರ ಕ್ಲಬ್ಬುಗಳ ಚಳವಳಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. 1880ರಲ್ಲಿ ಅದೇ ಊರಿನಲ್ಲಿ ಮೇರಿ ಹಾಲ್ ಎಂಬಾಕೆ 'ಗುಡ್ ವಿಲ್ ಕ್ಲಬ್' ಸ್ಥಾಪಿಸಿದರು. ಹೆಣ್ಣು ವಕೀಲಿ ಮಾಡಬಹುದೇ ಎಂಬ ಪ್ರಶ್ನೆಯನ್ನು ಕನೆಕ್ಟಿಕಟ್ಟಿನ ಉಚ್ಚ ನ್ಯಾಯಪೀಠದವರೆಗೆ ಒಯ್ದು, 1882ರಲ್ಲಿ ಗೆದ್ದು, ಆ ರಾಜ್ಯದ ಮೊದಲ ಮಹಿಳಾ ನ್ಯಾಯವಾದಿಯಾದವರು ಇದೇ ಮೇರಿ ಹಾಲ್.

1889ರಲ್ಲಿ ಷಿಕಾಗೋ ನಗರದಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 'ಹಲ್ ಹೌಸ್' ತೆರೆದರು. ವಲಸೆ ಬಂದವರ ಬಡ ಕೇರಿಯ ನಡುವೆ ತಾವೇ ಮನೆ ಮಾಡಿ, ನೆರೆಯ ಮಕ್ಕಳಿಗೆ ಕ್ಲಬ್ಬುಗಳನ್ನೂ ಸಂಗೀತ ಶಾಲೆಯನ್ನೂ ನಡೆಸಿದರು. ಜಾಜ್ ಸಂಗೀತದ ದಿಗ್ಗಜ ಬೆನ್ನಿ ಗುಡ್‌ಮನ್ ಬಾಲ್ಯದಲ್ಲಿ ಅಲ್ಲಿಯ ಹುಡುಗರ ವಾದ್ಯವೃಂದದಲ್ಲಿ ನುಡಿಸಿದವರು; ಅವರೂ ವಲಸೆ ಕುಟುಂಬದ ಮಗನೇ. ಆಡಮ್ಸ್ ಅವರಿಗೆ 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು. ಅತ್ತ 1906ರಲ್ಲಿ ಬಾಸ್ಟನ್ನಿನಲ್ಲಿ 53 ಬಾಲಕರ ಕ್ಲಬ್ಬುಗಳು ಒಂದಾಗಿ ಒಕ್ಕೂಟ ಕಟ್ಟಿಕೊಂಡವು. ಹುಡುಗಿಯರ ಹೆಸರು ಆ ಸಂಸ್ಥೆಯ ಫಲಕದ ಮೇಲೆ ಬಂದದ್ದು 1990ರಲ್ಲಿ, 'ಬಾಯ್ಸ್ ಅಂಡ್ ಗರ್ಲ್ಸ್ ಕ್ಲಬ್ಸ್ ಆಫ್ ಅಮೆರಿಕ' ಎಂದು ಹೆಸರು ಬದಲಾದಾಗ.

ವಲಸಿಗರ ಮಕ್ಕಳಿಗಾಗಿಯೇ ಬೆಳೆದ ಇಂಥ ಪರಂಪರೆಯ ಬಾಗಿಲಲ್ಲಿ ನಿಂತು, ವಲಸಿಗನಾದ ನಾನು "ಇದು ನಮ್ಮಂಥವರಿಗಲ್ಲ" ಎಂದಿದ್ದೆ!

ತಜ್ಞರು ಕಂಡುಕೊಂಡದ್ದು

ಇಲಿನಾಯ್ ವಿಶ್ವವಿದ್ಯಾಲಯದ ರೀಡ್ ಲಾರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಹದಿಹರೆಯದವರ ದಿನಚರಿಯನ್ನು ಅರಿಯಲು ಒಂದು ಉಪಾಯ ಬಳಸಿದರು. ಮಕ್ಕಳ ಕೈಗೆ ಪೇಜರ್ ಕೊಟ್ಟು, ಅದು ಯಾವಾಗಲೆಂದರೆ ಆವಾಗ ಸದ್ದು ಮಾಡಿದಾಗ, ಆ ಗಳಿಗೆಯಲ್ಲಿ ತಾವು ಏನು ಮಾಡುತ್ತಿದ್ದೇವೆ, ಮನಸ್ಸು ಹೇಗಿದೆ ಎಂದು ಬರೆದಿಡಲು ಹೇಳಿದರು. ಅವರು 2000ದಲ್ಲಿ ಪ್ರಕಟಿಸಿದ ಪ್ರಬಂಧದ ಸಾರ ಹೀಗಿದೆ: ತರಗತಿಯಲ್ಲಿ ಮಕ್ಕಳ ಗಮನ ಕೆಲಸದ ಮೇಲಿರುತ್ತದೆ, ಮನಸ್ಸು ಇರುವುದಿಲ್ಲ. ಗೆಳೆಯರ ಜೊತೆ ಹರಟುವಾಗ ಮನಸ್ಸಿರುತ್ತದೆ, ಏಕಾಗ್ರತೆ ಇರುವುದಿಲ್ಲ. ತಾವೇ ಇಷ್ಟಪಟ್ಟು ಸೇರಿದ, ಒಂದು ಕ್ರಮವುಳ್ಳ ಚಟುವಟಿಕೆಗಳಲ್ಲಿ, ಅಂದರೆ ಆಟ, ಕಲೆ, ಸಂಘದ ಕೆಲಸಗಳಲ್ಲಿ, ಎರಡೂ ಒಟ್ಟಿಗೆ ಇರುತ್ತವೆ. ತಾನಾಗಿ ಒಂದು ಕೆಲಸ ಹಿಡಿದು ಕೊನೆ ಮುಟ್ಟಿಸುವ ಗುಣ ಬೆಳೆಯುವುದು ಇಂಥ ಹೊತ್ತಿನಲ್ಲಿ ಎಂಬುದು ಅವರ ವಾದ.

ಹಾಗೆಂದು ಮಕ್ಕಳನ್ನು ಒಂದು ಕಟ್ಟಡದಲ್ಲಿ ಕೂಡಿಹಾಕಿದ ಮಾತ್ರಕ್ಕೆ ಏನೂ ಸಾಧಿಸಿದಂತಾಗದು. ಕೇಂದ್ರ ಸರ್ಕಾರ 1998ರಿಂದ ಶಾಲೋತ್ತರ ಕೇಂದ್ರಗಳಿಗೆ ದೊಡ್ಡ ಪ್ರಮಾಣದಲ್ಲಿ ಹಣ ನೀಡತೊಡಗಿತು. 2003ರಿಂದ 2005ರವರೆಗೆ ಹೊರಬಂದ ಮೌಲ್ಯಮಾಪನದ ವರದಿಗಳು, ಅಲ್ಲಿಗೆ ಹೋದ ಎಳೆಯ ಮಕ್ಕಳಲ್ಲಿ ಸುರಕ್ಷತೆಯ ಭಾವ ಹೆಚ್ಚಿತೆಂದೂ, ಶಾಲೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲವೆಂದೂ ತಿಳಿಸಿದವು. 2010ರಲ್ಲಿ ಡರ್ಲಾಕ್, ವೈಸ್‌ಬರ್ಗ್ ಮತ್ತು ಪಾಚನ್ ಎಂಬ ಸಂಶೋಧಕರು 69 ಕಾರ್ಯಕ್ರಮಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಒಗಟು ಬಿಡಿಸಿಕೊಂಡಿತು. ಮೆಟ್ಟಿಲು ಮೆಟ್ಟಿಲಾಗಿ ಕಲಿಸುವುದು, ಮಕ್ಕಳ ಕೈಯಿಂದಲೇ ಮಾಡಿಸುವುದು, ಅದಕ್ಕೆಂದೇ ಸಮಯ ಮೀಸಲಿಡುವುದು, ಯಾವ ಗುಣವನ್ನು ಬೆಳೆಸುತ್ತಿದ್ದೇವೆಂಬ ಸ್ಪಷ್ಟತೆ, ಈ ನಾಲ್ಕೂ ಇದ್ದ ಕಡೆ ಮಕ್ಕಳ ಆತ್ಮವಿಶ್ವಾಸ, ನಡತೆ, ಅಂಕಗಳು ಎಲ್ಲವೂ ಸುಧಾರಿಸಿದ್ದವು. ಇವಿಲ್ಲದ ಕಡೆ ಅಂಥ ಫಲ ಕಾಣಲಿಲ್ಲ. ಕೋಚ್ ಈ ಪ್ರಬಂಧವನ್ನು ಓದಿದ್ದರೋ ಇಲ್ಲವೋ ಅರಿಯೆ. ಆ ನಾಲ್ಕನ್ನೂ ಅವರು ಅದಕ್ಕೆ ಹದಿನೆಂಟು ವರ್ಷ ಮೊದಲೇ ಒಂದು ಕೇರಂ ಹಲಗೆಯ ಸುತ್ತ ನಡೆಸುತ್ತಿದ್ದರು.

ಕ್ಲಬ್ಬುಗಳಿಗೆ ಸೇರಲು ಬಯಸುವವರೆಲ್ಲರಿಗೂ ಸ್ಥಳವಿಲ್ಲವೆಂಬುದೂ ನಿಜ. 2020ರಲ್ಲಿ 'ಆಫ್ಟರ್‌ಸ್ಕೂಲ್ ಅಲಯನ್ಸ್' ಪ್ರಕಟಿಸಿದ ಸಮೀಕ್ಷೆಯ ಪ್ರಕಾರ 78 ಲಕ್ಷ ಮಕ್ಕಳು ಇಂಥ ಕಾರ್ಯಕ್ರಮಗಳಲ್ಲಿದ್ದರು. ಅವಕಾಶವಿದ್ದರೆ ಸೇರಬಹುದಾಗಿದ್ದ, ಸೇರಲಾಗದ ಮಕ್ಕಳ ಸಂಖ್ಯೆ 2 ಕೋಟಿ 46 ಲಕ್ಷ.

ನಮ್ಮಲ್ಲಿಯೂ ಇತ್ತು

ಆ ರಾತ್ರಿ ನನ್ನ ಪತ್ನಿ ನೆನಪಿಸಿದ ಮಕ್ಕಳ ಕೂಟಕ್ಕೆ ಈಗ ಬರುತ್ತೇನೆ. 'ಸರಸ್ವತಿ' ಪತ್ರಿಕೆಯ ಸಂಪಾದಕಿಯಾಗಿದ್ದ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಚಾಮರಾಜಪೇಟೆಯ ಆಸುಪಾಸಿನಲ್ಲಿ ಬೆಳೆದವರಿಗೆ ಆ ಹೆಸರನ್ನು ಪರಿಚಯಿಸಬೇಕಾಗಿಲ್ಲ. 1950ರ ದಶಕದ ಕೊನೆಯಲ್ಲಿ ನಾನು ಅಲ್ಲಿಗೆ ಹೋಗುತ್ತಿದ್ದ ಹುಡುಗ. ಮಾತೇ ಇಲ್ಲದ ದ್ವಾರಪಾಲಕನ ಪಾತ್ರ ಸಿಕ್ಕರೂ ಭಲ್ಲೆ ಹಿಡಿದು ನಿಲ್ಲುವ ಠೀವಿಗೆ ಕೊರತೆಯಿರಲಿಲ್ಲ. ಬಡವರ ಮಕ್ಕಳು, ವಕೀಲರ ಮಕ್ಕಳು ಎಂಬ ಭೇದವನ್ನು ನಾವು ಅಲ್ಲಿ ಅರಿತವರಲ್ಲ. ಅದನ್ನು ಮರೆತದ್ದು ಆಮೇಲೆ. ಅತ್ತ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನದಲ್ಲಿ ಶಾಲೆಯ ಗೋಡೆಯಾಚೆಗೆ ಮಕ್ಕಳು ಆಡಿ, ಕುಣಿದು, ನೋಡಿ ಕಲಿಯುವ ಪ್ರಯೋಗಗಳನ್ನು ನಡೆಸಿದರು. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣ, ಚಿಣ್ಣರ ಮೇಳದ ಮೂಲಕ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ರಂಗಕ್ಕೆ ಕರೆತಂದಿತು. ಮಗುವಿಗೆ ಶಾಲೆಯೂ ಅಲ್ಲದ, ಮನೆಯೂ ಅಲ್ಲದ ಮೂರನೆಯ ತಾಣ ಬೇಕೆಂಬ ತಿಳಿವಳಿಕೆ ನಮಗೆ ಹೊಸದಲ್ಲ. ಊರಿನಲ್ಲಿ ಅತ್ತೆ, ಮಾವ, ಜಗಲಿಯ ಅಜ್ಜ, ಎದುರು ಮನೆಯ ಅಕ್ಕ ಇದನ್ನು ತಮಗರಿವಿಲ್ಲದೆಯೇ ನಡೆಸಿಕೊಟ್ಟರು. ವಿಮಾನ ಹತ್ತುವಾಗ ನಾವು ದೇವರ ಪಟ, ಒರಳುಕಲ್ಲು, ಎಂ. ಎಸ್. ಅವರ ಧ್ವನಿಸುರುಳಿಗಳನ್ನು ತಂದೆವು. ಜಗಲಿಯನ್ನು ಹೊತ್ತು ತರಲು ಆಗಲಿಲ್ಲ.

ನಾವು ಮಾಡಬಹುದಾದದ್ದು

ನಮ್ಮ ಕನ್ನಡ ತರಗತಿಗಳಿಗೆ ಐದಾರು ವಯಸ್ಸಿನ ಮಕ್ಕಳು ಬೇಕಾದಷ್ಟು ಬರುತ್ತಾರೆ. ಹದಿಮೂರು ದಾಟಿದೊಡನೆ ಒಬ್ಬೊಬ್ಬರಾಗಿ ಜಾರುತ್ತಾರೆ. ಮಕ್ಕಳಿಗೆ ಭಾಷಾಭಿಮಾನವಿಲ್ಲವೆಂದು ನಾವು ನಿಟ್ಟುಸಿರಿಡುತ್ತೇವೆ. ಆ ವಯಸ್ಸಿನ ಹುಡುಗನಿಗೆ ನಾವು ಅಲ್ಲಿ ಯಾವ ಕೆಲಸ ಕೊಟ್ಟಿದ್ದೇವೆ ಎಂದು ನಮ್ಮನ್ನು ನಾವು ಕೇಳಿಕೊಂಡಿದ್ದೇವೆಯೇ? ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಅವನು ಹಾಡಬೇಕು, ನಾವು ಚಪ್ಪಾಳೆ ತಟ್ಟಬೇಕು. ಹಾಡನ್ನು ಆರಿಸಿದವರು ನಾವು, ವೇಷ ಹೊಲಿಸಿದವರು ನಾವು, ಪರದೆ ಎಳೆಯುವವರೂ ನಾವೇ. ಅವನಿಗೆ ಉಳಿದದ್ದು ದ್ವಾರಪಾಲಕನ ಪಾತ್ರ; ಅದೂ ಠೀವಿಯಿಲ್ಲದ್ದು.

ಒಂಬತ್ತು ವರ್ಷದ ಗುರುವಾರಗಳಿಂದ ನಾನು ಕಲಿತದ್ದನ್ನು ನಮ್ಮ ಕೂಟಗಳ ಮುಂದೆ ಮೂರು ಸಲಹೆಗಳಾಗಿ ಇಡುತ್ತೇನೆ. ಮೊದಲನೆಯದು, ಹದಿಮೂರು ದಾಟಿದವರಿಗೆ ನಿಜವಾದ ಹೊಣೆ ಕೊಡೋಣ. ಚಿಕ್ಕವರಿಗೆ ಕಲಿಸುವ, ಒಂದು ಕಾರ್ಯಕ್ರಮದ ಆಯವ್ಯಯ ನೋಡಿಕೊಳ್ಳುವ, ತಪ್ಪಿದರೆ ತಪ್ಪನ್ನು ತಾವೇ ಸರಿಪಡಿಸುವ ಹೊಣೆ. ಕನ್ನಡದ ಒತ್ತಕ್ಷರ ತಪ್ಪಿದರೆ ಆಮೇಲೆ ತಿದ್ದಬಹುದು. ಮಗು ಬರೆಯುವುದನ್ನೇ ಬಿಟ್ಟರೆ ತಿದ್ದಲು ಏನೂ ಉಳಿಯುವುದಿಲ್ಲ.

ಎರಡನೆಯದು, ನಮ್ಮಲ್ಲಿ ನಿವೃತ್ತರು ಹೆಚ್ಚುತ್ತಿದ್ದೇವೆ. ಪ್ರತಿಯೊಂದು ಊರಿನಲ್ಲಿಯೂ ಒಂದು ಗ್ರಂಥಾಲಯವೋ ಕ್ಲಬ್ಬೋ ಇರುತ್ತದೆ. ವಾರಕ್ಕೊಂದು ಮಧ್ಯಾಹ್ನ ಅಲ್ಲಿಗೆ ಹೋಗಿ ಒಂದು ಗಂಟೆ ಕುಳಿತುಕೊಳ್ಳೋಣ. ಲೆಕ್ಕವೋ ಚದುರಂಗವೋ ಕೇರಮ್ಮೋ, ಬಂದದ್ದನ್ನು ಕಲಿಸೋಣ. ಅಲ್ಲಿಗೆ ಬರುವ ಮಕ್ಕಳು ನಮ್ಮವರಲ್ಲದಿರಬಹುದು. ನಮ್ಮ ಮೊಮ್ಮಕ್ಕಳು ಬಾಳಬೇಕಾದದ್ದು ಅವರ ಜೊತೆಯಲ್ಲಿಯೇ.

ಮೂರನೆಯದು ತಂದೆತಾಯಿಯರಿಗೆ. ಕ್ಲಬ್ಬನ್ನು ಕಣ್ಣು ಮುಚ್ಚಿ ನಂಬಬೇಡಿ, ನೋಡದೆ ತಿರಸ್ಕರಿಸಲೂ ಬೇಡಿ. ಒಂದು ಮಧ್ಯಾಹ್ನ ಹೋಗಿ ನೋಡಿ. ಬಾಗಿಲಲ್ಲಿ ನಿಮ್ಮನ್ನು ತಡೆದು ಕೇಳುತ್ತಾರೆಯೇ? ಕೆಲಸಗಾರರ ಮತ್ತು ಸ್ವಯಂಸೇವಕರ ಹಿನ್ನೆಲೆಯನ್ನು ಪರಿಶೀಲಿಸುತ್ತಾರೆಯೇ? ಮುಚ್ಚಿದ ಕೋಣೆಯಲ್ಲಿ ಒಬ್ಬ ಹಿರಿಯನೊಡನೆ ಒಂದು ಮಗು ಒಂಟಿಯಾಗಿ ಇರದಂತೆ ನಿಯಮವಿದೆಯೇ? ಒಳಗಿನವರಿಗೆ ಮಕ್ಕಳ ಹೆಸರು ಗೊತ್ತಿದೆಯೇ? ಅಂದು ನನಗೆ ಉದ್ಧಟತನವೆಂದು ಕಂಡ ಆ ಬಾಗಿಲ ಕಾವಲು, ಒಳ್ಳೆಯ ಕ್ಲಬ್ಬಿನ ಮೊದಲ ಲಕ್ಷಣವಾಗಿತ್ತು.

ನನ್ನ ಮಗನಿಗೆ ಈಗ ನಲವತ್ತೈದು ದಾಟಿದೆ. ಅವನು ಅಸಾಮಾನ್ಯನೇನೂ ಆಗಲಿಲ್ಲ. ಒಂದು ಊರಿನ ನೀರು ಸರಬರಾಜು ಇಲಾಖೆಯಲ್ಲಿ ಎಂಜಿನಿಯರು. ಅವನ ಕನ್ನಡ ಇಂದಿಗೂ ತೊಡರುತ್ತದೆ. ಆದರೆ ನಮ್ಮಿಬ್ಬರ ನಡುವೆ ಮಾತು ನಿಲ್ಲಲಿಲ್ಲ. ಹದಿಹರೆಯದ ಆ ಕಷ್ಟದ ವರ್ಷಗಳಲ್ಲಿ ಮನೆಯಲ್ಲಿ ಹೇಳಲಾಗದ್ದನ್ನು ಅವನು ಕೋಚ್ ಮುಂದೆ ಹೇಳಿಕೊಳ್ಳುತ್ತಿದ್ದನೆಂದೂ, "ಇದನ್ನು ನಿನ್ನ ತಂದೆಗೆ ಹೇಳು" ಎಂದು ಅವರು ಅವನನ್ನು ಹಿಂದಕ್ಕೆ ಕಳುಹಿಸುತ್ತಿದ್ದರೆಂದೂ ನನಗೆ ತಿಳಿದದ್ದು ಕೋಚ್ ತೀರಿಕೊಂಡ ಮೇಲೆ. ನನ್ನ ಮಗನನ್ನು ಇನ್ನೊಬ್ಬರು ಕಸಿದುಕೊಂಡಾರೆಂದು ನಾನು ಅಂಜಿದ್ದೆ. ಅವರು ಅವನನ್ನು ನನ್ನ ಕಡೆಗೇ ತಿರುಗಿಸುತ್ತಿದ್ದರು.

ಮಾನ್ಯ ಪ್ರತಿನಿಧಿ ಮಿತ್ರರೇ, ಈ ಮೂರು ದಿನ ನಾವು ಕವಿಗೋಷ್ಠಿಯನ್ನೂ ಯಕ್ಷಗಾನವನ್ನೂ ಬಿಸಿಬೇಳೆಭಾತನ್ನೂ ಸವಿಯುತ್ತೇವೆ. ನಮ್ಮ ಮಕ್ಕಳು ಯುವ ವಿಭಾಗದ ಸಭಾಂಗಣದಲ್ಲಿರುತ್ತಾರೆ. ಸೋಮವಾರ ಊರಿಗೆ ಮರಳುತ್ತೇವೆ. ಮಧ್ಯಾಹ್ನ ಮೂರು ಗಂಟೆ ಮತ್ತೆ ಬರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಮಗುವನ್ನು ಹೆಸರು ಹಿಡಿದು ಕರೆಯುವವರು ಯಾರೆಂದು ಒಮ್ಮೆ ವಿಚಾರಿಸಿಕೊಳ್ಳಿ. ಯಾರೂ ಇಲ್ಲವೆಂದಾದರೆ, ಬೀದಿಯ ಕೊನೆಯಲ್ಲಿರುವ ಆ ಕಟ್ಟಡದ ಒಳಗೆ ಒಂದು ಸಲ ಹೋಗಿ ಬನ್ನಿ.